ಕುಡಿಯುವ ನೀರಿನ ಜಲಾನಯನದಲ್ಲಿ ಗೊಬ್ಬರ ಮತ್ತು ಕಳೆನಾಶಕ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಲಕ್ಕೆ ಹಾಕಿದ ಗೊಬ್ಬರ, ಕಳೆಗೆ ಹೊಡೆದ ಔಷಧಿ ಕುಡಿಯುವ ನೀರಿಗೆ ಹೇಗೆ ಬರುತ್ತದೆ? ಈ ಪ್ರಶ್ನೆಯನ್ನು ಬೆಳೆ ಬೆಳೆಯುವವರೂ ಕೇಳುತ್ತಾರೆ, ನೀರು ಕುಡಿಯುವವರೂ ಕೇಳುತ್ತಾರೆ. ಹಳ್ಳಿಗಳಲ್ಲಿ ಬಹಳ ಸಲ ಇಬ್ಬರೂ ಒಬ್ಬರೇ ಆಗಿರುತ್ತಾರೆ. ಯಾರನ್ನೋ ಕಟಕಟೆಯಲ್ಲಿ ನಿಲ್ಲಿಸಲು ಈ ಉತ್ತರಗಳನ್ನು ಬರೆದಿಲ್ಲ. ಎಷ್ಟು ಹಾಕಿದೆವು ಎನ್ನುವಷ್ಟೇ ಯಾವಾಗ ಹಾಕಿದೆವು, ಎಲ್ಲಿ ನಿಂತು ಕಲಸಿದೆವು ಎನ್ನುವುದೂ ನೀರನ್ನು ಕೆಡಿಸುತ್ತದೆ ಅಥವಾ ಉಳಿಸುತ್ತದೆ. ಮುಂದಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಜಲಾನಯನ ಪ್ರದೇಶ ಅಂದರೆ ಏನು? ನಮ್ಮ ಹೊಲ ಅದರೊಳಗೆ ಬರುತ್ತದಾ?

ಒಂದು ಕೆರೆಗೋ ಹೊಳೆಗೋ ಯಾವ ಯಾವ ನೆಲದಿಂದ ಮಳೆನೀರು ಹರಿದು ಬರುತ್ತದೋ ಆ ನೆಲವೆಲ್ಲ ಅದರ ಜಲಾನಯನ. ನಿಮ್ಮ ಹೊಲದ ಇಳಿಜಾರು ಯಾವ ಕಡೆಗಿದೆ, ನೀರು ಯಾವ ಹಳ್ಳ ಸೇರುತ್ತದೆ, ಆ ಹಳ್ಳ ಎಲ್ಲಿಗೆ ಹೋಗುತ್ತದೆ ಎಂದು ಒಂದು ಮಳೆಯಲ್ಲಿ ನೋಡಿದರೆ ಗೊತ್ತಾಗುತ್ತದೆ. ಕೆಳಗೆಲ್ಲೋ ಕುಡಿಯುವ ನೀರು ಎತ್ತುವ ಪಂಪ್‌ಹೌಸ್ ಇದ್ದರೆ, ಅದು ಹತ್ತಾರು ಕಿಲೋಮೀಟರ್ ದೂರದಲ್ಲಿದ್ದರೂ ನಿಮ್ಮ ಹೊಲ ಅದರ ಜಲಾನಯನದಲ್ಲೇ ಇದೆ. ಬಾವಿ, ಬೋರ್‌ವೆಲ್‌ಗಳ ಲೆಕ್ಕ ಇಷ್ಟು ಸುಲಭವಲ್ಲ. ನೆಲದಡಿಯ ನೀರು ಮೇಲಿನ ಇಳಿಜಾರನ್ನೇ ಅನುಸರಿಸಬೇಕು ಅಂತೇನೂ ಇಲ್ಲ.

ಗೊಬ್ಬರ ಹಾಕಿದ್ದು ಬೆಳೆಗೆ. ಅದು ನೀರಿಗೆ ಹೇಗೆ ಹೋಗುತ್ತದೆ?

ಜಗತ್ತಿನ ಹೊಲಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡರೆ, ಹಾಕಿದ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಮಾತ್ರ ಬೆಳೆ ಹೀರಿಕೊಳ್ಳುತ್ತದೆ. ಉಳಿದದ್ದರಲ್ಲಿ ಸ್ವಲ್ಪ ಮಣ್ಣಿನಲ್ಲಿ ಉಳಿಯುತ್ತದೆ, ಸ್ವಲ್ಪ ಗಾಳಿಗೆ ಹೋಗುತ್ತದೆ. ಮತ್ತಷ್ಟು ನೈಟ್ರೇಟ್ ಆಗಿ, ಅಂದರೆ ನೀರಿನಲ್ಲಿ ಕರಗುವ ಸಾರಜನಕದ ರೂಪವಾಗಿ, ನೀರಿನ ಜೊತೆ ಇಳಿದು ಹೋಗುತ್ತದೆ.

ನೈಟ್ರೇಟ್ ಯಾಕೆ ಇಳಿಯುತ್ತದೆ? ಜೇಡಿಮಣ್ಣಿನ ಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ನೈಟ್ರೇಟ್ ಮೇಲೂ ಅದೇ. ಹಾಗಾಗಿ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಬೇರಿಗೆ ಸಿಗದ ನೈಟ್ರೇಟ್ ಮಳೆ ಅಥವಾ ನೀರಾವರಿಯ ನೀರಿನೊಂದಿಗೆ ಬೇರಿನ ಆಳ ದಾಟಿ ಅಂತರ್ಜಲ ಸೇರುತ್ತದೆ. ಮರಳು ಮಣ್ಣಿನಲ್ಲಿ ಇದು ಬೇಗ ಆಗುತ್ತದೆ.

ರಂಜಕದ ದಾರಿ ಬೇರೆ. ಅದು ಮಣ್ಣಿನ ಕಣಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಣ್ಣು ಕೊಚ್ಚಿಹೋದಾಗ ಅದರ ಜೊತೆ ಹೋಗುತ್ತದೆ. ಮಳೆ ಬಂದ ಮೇಲೆ ಹಳ್ಳ ಕೆಂಪಗೆ ಹರಿಯುತ್ತಿದ್ದರೆ, ಅದರಲ್ಲಿ ನಿಮ್ಮ ಗೊಬ್ಬರದ ರಂಜಕವೂ ಇದೆ ಎಂದೇ ತಿಳಿಯಿರಿ. ವರ್ಷಗಟ್ಟಲೆ ಬೇಕಾದ್ದಕ್ಕಿಂತ ಜಾಸ್ತಿ ರಂಜಕ ಹಾಕಿದ ನೆಲದಲ್ಲಿ ಮಣ್ಣಿಗೆ ಹಿಡಿದುಕೊಳ್ಳುವ ಜಾಗ ಮುಗಿಯುತ್ತದೆ. ಆಮೇಲೆ ಕರಗಿದ ರೂಪದಲ್ಲೂ ಸೋರುತ್ತದೆ.

ಸಾವಯವ ಗೊಬ್ಬರ ಆದರೆ ತೊಂದರೆ ಇಲ್ಲ ಅಲ್ವಾ?

ಇದೆ. ಕೊಟ್ಟಿಗೆ ಗೊಬ್ಬರ, ಕೋಳಿ ಗೊಬ್ಬರ, ಸ್ಲರಿ, ಎಲ್ಲದರಲ್ಲೂ ಸಾರಜನಕ ಮತ್ತು ರಂಜಕ ಇವೆ. ನೀರಿಗೆ ಸೇರಿದ ಮೇಲೆ ಯೂರಿಯಾದಿಂದ ಬಂದ ನೈಟ್ರೇಟ್ ಯಾವುದು, ಸಗಣಿಯಿಂದ ಬಂದದ್ದು ಯಾವುದು ಎಂದು ಅದನ್ನು ಕುಡಿದ ಮಗುವಿನ ದೇಹ ನೋಡುವುದಿಲ್ಲ. ಸಗಣಿಯಲ್ಲಿ ರೋಗಾಣುಗಳೂ ಇರುತ್ತವೆ ಎನ್ನುವುದು ಇನ್ನೊಂದು ಚಿಂತೆ. ಸಾವಯವ ಗೊಬ್ಬರದ ಲಾಭ ಬೇರೆ ಕಡೆ ಇದೆ: ಮಣ್ಣಿನ ಹಿಡಿತ ಹೆಚ್ಚುತ್ತದೆ, ಸಾರಜನಕ ನಿಧಾನವಾಗಿ ಬಿಡುಗಡೆಯಾಗುತ್ತದೆ. ಆದರೆ ತಿಪ್ಪೆಯನ್ನು ಹಳ್ಳದ ದಂಡೆಯಲ್ಲೇ ಹಾಕಿದರೆ ಆ ಲಾಭವೆಲ್ಲ ಹೋಯಿತು. ಹಸಿ ಮೇವನ್ನು ಹುಳಿಸಿ ಇಡುವ ರಸಮೇವಿನ (ಸೈಲೇಜ್) ಗುಂಡಿಯಿಂದ ಸೋರುವ ದ್ರವದ ಬಗ್ಗೆಯಂತೂ ಬಹಳ ಎಚ್ಚರ ಬೇಕು. ಅದು ನೀರಿನ ಆಮ್ಲಜನಕವನ್ನು ಎಷ್ಟು ಬೇಗ ಎಳೆದುಕೊಳ್ಳುತ್ತದೆ ಎಂದರೆ ಸಣ್ಣ ತೊರೆಯ ಮೀನುಗಳು ಉಳಿಯುವುದಿಲ್ಲ.

ಜಲಾನಯನದಲ್ಲಿರುವ ಮನೆಗಳ ಶೌಚಗುಂಡಿಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ. ಬೈಗುಳವೆಲ್ಲ ಬೆಳೆಗಾರರಿಗೇ ಬೀಳುವುದು ನ್ಯಾಯವಲ್ಲ.

ನೈಟ್ರೇಟ್ ಇರುವ ನೀರು ಕುಡಿದರೆ ಏನಾಗುತ್ತದೆ?

ಮೊದಲ ಅಪಾಯ ಆರು ತಿಂಗಳ ಒಳಗಿನ ಕೂಸುಗಳಿಗೆ, ಅದರಲ್ಲೂ ಆ ನೀರಿನಲ್ಲಿ ಪುಡಿಹಾಲು ಕಲಸಿ ಬಾಟಲಿಯಲ್ಲಿ ಕೊಡುವ ಕೂಸುಗಳಿಗೆ. ದೇಹದೊಳಗೆ ನೈಟ್ರೇಟ್ ನೈಟ್ರೈಟ್ ಆಗಿ ಬದಲಾಗುತ್ತದೆ. ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ ಅನ್ನು ಆಮ್ಲಜನಕ ಹೊರಲಾರದ ರೂಪಕ್ಕೆ ತಿರುಗಿಸುತ್ತದೆ. ಮಗುವಿನ ತುಟಿ, ಉಗುರು, ಚರ್ಮ ನೀಲಿಗಟ್ಟುತ್ತವೆ. ಬಾವಿ ನೀರಿಗೂ ಈ ಕಾಯಿಲೆಗೂ ಇರುವ ನಂಟನ್ನು ಅಮೆರಿಕದ ಅಯೋವಾದಲ್ಲಿ 1945ರಲ್ಲೇ ವೈದ್ಯರು ವರದಿ ಮಾಡಿದ್ದರು. ನೀರಿನಲ್ಲಿ ರೋಗಾಣುಗಳೂ ಇದ್ದು ಮಗುವಿಗೆ ಭೇದಿ ಆಗುತ್ತಿದ್ದರೆ ಅಪಾಯ ಇನ್ನೂ ಜಾಸ್ತಿ. ಮಗು ನೀಲಿಗಟ್ಟಿದ್ದು ಕಂಡರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ದೊಡ್ಡವರಲ್ಲಿ ಇಂಥ ತಕ್ಷಣದ ಪರಿಣಾಮ ಸಾಮಾನ್ಯವಾಗಿ ಕಾಣುವುದಿಲ್ಲ. ಆದರೂ ನೈಟ್ರೇಟ್ ಹೊಟ್ಟೆಯಲ್ಲಿ ನೈಟ್ರೋಸೋ ಸಂಯುಕ್ತಗಳಾಗಿ ಬದಲಾಗುವ ಸಂದರ್ಭಗಳಲ್ಲಿ ಅದು ಕ್ಯಾನ್ಸರ್ ತರುವ ಸಂಭವ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಹಾಗಾಗಿ ಗರ್ಭಿಣಿಯರ ಮತ್ತು ಕೂಸುಗಳ ನೀರಿನ ಬಗ್ಗೆ ಮೊದಲು ಯೋಚಿಸಿ, ಉಳಿದವರ ನೀರನ್ನೂ ಮಿತಿಯೊಳಗೆ ತರುವ ಕೆಲಸ ನಡೆಯಲಿ.

ನೀರಿನ ವರದಿಯಲ್ಲಿ ಒಂದು ಕಡೆ ಮಿತಿ 50 ಅಂತಿದೆ, ಇನ್ನೊಂದು ಕಡೆ 10 ಅಂತಿದೆ. ಯಾವುದು ಸರಿ?

ಎರಡೂ ಸರಿ. ಅಳೆಯುವ ರೀತಿ ಬೇರೆ, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುರೋಪ್ ಒಕ್ಕೂಟ ಇಡೀ ನೈಟ್ರೇಟ್ ಅನ್ನು ಲೆಕ್ಕ ಹಾಕಿ ಲೀಟರಿಗೆ 50 ಮಿಲಿಗ್ರಾಂ ಎನ್ನುತ್ತವೆ. ಭಾರತದ ಮಾನದಂಡ 45. ಅಮೆರಿಕದವರು ನೈಟ್ರೇಟ್‌ನಲ್ಲಿರುವ ಸಾರಜನಕವನ್ನು ಮಾತ್ರ ಲೆಕ್ಕ ಹಾಕಿ 10 ಎನ್ನುತ್ತಾರೆ. ಸಾರಜನಕದ ಲೆಕ್ಕವನ್ನು 4.43ರಿಂದ ಗುಣಿಸಿದರೆ ನೈಟ್ರೇಟ್ ಲೆಕ್ಕ ಸಿಗುತ್ತದೆ. 10 ಅಂದರೆ ಸುಮಾರು 44. ವರದಿ ಕೈಗೆ ಬಂದಾಗ ಯಾವ ಲೆಕ್ಕದಲ್ಲಿ ಬರೆದಿದ್ದಾರೆ ಎಂದು ಕೇಳಲೇಬೇಕು. "20" ಎಂಬ ಅಂಕಿ ಒಂದು ಲೆಕ್ಕದಲ್ಲಿ ನೆಮ್ಮದಿ, ಇನ್ನೊಂದು ಲೆಕ್ಕದಲ್ಲಿ ಮಿತಿಯ ದುಪ್ಪಟ್ಟು.

ಇದೇ ಲೆಕ್ಕವನ್ನು ಮುಂದುವರಿಸಿ. 1 ಕೆಜಿ ಸಾರಜನಕ ಪೂರ್ತಿ ನೈಟ್ರೇಟ್ ಆಗಿ ಶುದ್ಧ ನೀರಿಗೆ ಸೇರಿದರೆ ಸುಮಾರು 88 ಸಾವಿರ ಲೀಟರ್ ನೀರು 50ರ ಮಿತಿ ಮುಟ್ಟುತ್ತದೆ. 100 ಕೆಜಿ ಯೂರಿಯಾದಲ್ಲಿ 46 ಕೆಜಿ ಸಾರಜನಕ ಇರುತ್ತದೆ. ಅದರಲ್ಲಿ ಹತ್ತನೇ ಒಂದು ಭಾಗ ಸೋರಿದರೂ 4 ಲಕ್ಷ ಲೀಟರ್ ನೀರಿನ ಮಾತಾಯಿತು.

ರಂಜಕ ವಿಷವಲ್ಲ. ಅದು ನೀರಿಗೆ ಬಂದರೆ ಯಾಕೆ ಚಿಂತೆ?

ರಂಜಕ ನಮಗೆ ವಿಷವಲ್ಲ, ನಿಜ. ಪಾಚಿಗೆ ಅದು ಊಟ. ಸಿಹಿನೀರಿನ ಕೆರೆಗಳಲ್ಲಿ ಪಾಚಿ ಬೆಳೆಯದಂತೆ ತಡೆದಿರುವುದು ಹೆಚ್ಚಾಗಿ ರಂಜಕದ ಕೊರತೆಯೇ. ಕೆನಡಾದ ವಿಜ್ಞಾನಿಗಳು 1973ರಲ್ಲಿ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು. 226 ಎಂಬ ಸಂಖ್ಯೆಯ ಒಂದು ಸಣ್ಣ ಸರೋವರದ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆ ಮಾತ್ರ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಕಡೆ ನೀರು ಪಾಚಿಯಿಂದ ಹಸಿರಾಯಿತು. ಇನ್ನೊಂದು ಕಡೆ ತಿಳಿಯಾಗೇ ಉಳಿಯಿತು. ಮೇಲಿಂದ ತೆಗೆದ ಆ ಚಿತ್ರ ಡಿಟರ್ಜೆಂಟ್‌ಗಳಲ್ಲಿ ರಂಜಕ ಕಡಿಮೆ ಮಾಡುವ ಕಾನೂನುಗಳಿಗೆ ಬಲ ಕೊಟ್ಟಿತು.

ಇದಕ್ಕೆ ಬೇಕಾದ ಪ್ರಮಾಣವೂ ತೀರಾ ಕಡಿಮೆ. ಲೀಟರಿಗೆ 0.03 ಮಿಲಿಗ್ರಾಂ ಆಸುಪಾಸಿನಲ್ಲೇ ಕೆರೆಗಳು ಹಸಿರಾಗಲು ಶುರುವಾಗುತ್ತವೆ. ನೈಟ್ರೇಟ್ ಮಿತಿಯ ಪಕ್ಕದಲ್ಲಿ ಈ ಅಂಕಿ ಇಟ್ಟು ನೋಡಿ, ಎಷ್ಟು ಸಣ್ಣದು ಎಂದು ತಿಳಿಯುತ್ತದೆ.

ಪಾಚಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು ನೀಲಿ ಹಸಿರು ಪಾಚಿ. ಅಸಲಿಗೆ ಅದು ಒಂದು ಬಗೆಯ ಬ್ಯಾಕ್ಟೀರಿಯಾ. ಅದರ ಕೆಲವು ಜಾತಿಗಳು ಮೈಕ್ರೋಸಿಸ್ಟಿನ್ ಎಂಬ ವಿಷ ತಯಾರಿಸುತ್ತವೆ. ಈ ವಿಷ ಯಕೃತ್ತಿಗೆ ಹಾನಿ ಮಾಡುತ್ತದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲಿಡೋ ನಗರದ ನೀರಿನಲ್ಲಿ ಇದು ಸಿಕ್ಕಿ, ಲಕ್ಷಾಂತರ ಜನರಿಗೆ ಸುಮಾರು ಮೂರು ದಿನ ನಲ್ಲಿ ನೀರು ಕುಡಿಯಬೇಡಿ ಎಂದು ಹೇಳಬೇಕಾಯಿತು. ಅಲ್ಲಿನ ನೀರಿನ ಮೂಲ ಈರಿ ಸರೋವರ. ಅದಕ್ಕೆ ರಂಜಕ ಬರುವುದು ಹೆಚ್ಚಾಗಿ ಹೊಲಗಳಿಂದ. ಕುದಿಸಿದರೆ ಈ ವಿಷ ಹೋಗುವುದಿಲ್ಲ. ಹಸಿರು ಕೆನೆ ಕಟ್ಟಿದ ನೀರಿಗೆ ದನಕರು, ನಾಯಿಗಳನ್ನೂ ಬಿಡಬೇಡಿ.

ಎಲ್ಲ ಕಳೆನಾಶಕಗಳೂ ಒಂದೇ ಥರ ನೀರಿಗೆ ಬರುತ್ತವಾ?

ಇಲ್ಲ. ಮೂರು ಸ್ವಭಾವ ನೋಡಬೇಕು: ನೀರಿನಲ್ಲಿ ಎಷ್ಟು ಕರಗುತ್ತದೆ, ಮಣ್ಣಿಗೆ ಎಷ್ಟು ಅಂಟುತ್ತದೆ, ಎಷ್ಟು ದಿನ ಉಳಿಯುತ್ತದೆ.

2,4-ಡಿ, ಎಂಸಿಪಿಎ ಥರದವು ಮಣ್ಣಿಗೆ ಅಷ್ಟಾಗಿ ಅಂಟುವುದಿಲ್ಲ. ಬೆಚ್ಚಗಿನ, ಗಾಳಿಯಾಡುವ ಮಣ್ಣಿನಲ್ಲಿ ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಒಡೆಯುತ್ತವೆ. ಆದರೆ ಅಷ್ಟರೊಳಗೆ ಮಳೆ ಬಂದರೆ ಸೀದಾ ಹಳ್ಳಕ್ಕೆ. ಜೌಗು ಹಿಡಿದ ತಣ್ಣನೆಯ ಮಣ್ಣಿನಲ್ಲಿ ಒಡೆಯುವುದೂ ನಿಧಾನ. ಅಟ್ರಾಜಿನ್ ತಕ್ಕಮಟ್ಟಿಗೆ ಹರಿಯುತ್ತದೆ, ಬಹಳ ಕಾಲ ಉಳಿಯುತ್ತದೆ. ಹೀಗಾಗಿ ಅದು ಅಂತರ್ಜಲಕ್ಕೂ ಇಳಿಯುತ್ತದೆ. ಗ್ಲೈಫೋಸೇಟ್, ಪ್ಯಾರಾಕ್ವಾಟ್ ಮಣ್ಣಿಗೆ ಗಟ್ಟಿಯಾಗಿ ಅಂಟುತ್ತವೆ. ಇವು ಆಳಕ್ಕೆ ಇಳಿಯುವುದು ಕಡಿಮೆ, ಆದರೆ ಕೊಚ್ಚಿಹೋಗುವ ಮಣ್ಣಿನ ಜೊತೆ ಹೋಗುತ್ತವೆ. ಸಿಮೆಂಟು ನೆಲ, ಜಲ್ಲಿ, ರಸ್ತೆ ಬದಿಯಲ್ಲಿ ಹೊಡೆದರೆ ಅಂಟಿಕೊಳ್ಳಲು ಮಣ್ಣೇ ಇಲ್ಲ. ಗ್ಲೈಫೋಸೇಟ್ ಆದರೂ ಅಲ್ಲಿಂದ ಸಲೀಸಾಗಿ ಚರಂಡಿ ಸೇರುತ್ತದೆ. ಅಂಗಳದ ಹುಲ್ಲಿಗೆ ಔಷಧಿ ಹೊಡೆಯುವವರು ಇದನ್ನು ಗಮನಿಸಬೇಕು.

ಒಡೆದ ಮೇಲೆ ಉಳಿಯುವ ತುಣುಕುಗಳೂ ಇವೆ. ಗ್ಲೈಫೋಸೇಟ್‌ನಿಂದ ಆಂಪಾ, ಅಟ್ರಾಜಿನ್‌ನಿಂದ ಡೀಇಥೈಲ್ ಅಟ್ರಾಜಿನ್. ಪರೀಕ್ಷೆ ಮಾಡಿಸುವಾಗ ಮೂಲ ಔಷಧಿಯನ್ನು ಮಾತ್ರ ಹುಡುಕಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ.

ಒಂದೇ ಔಷಧಿಗೆ ಒಂದೊಂದು ಕಡೆ ಒಂದೊಂದು ಮಿತಿ ಯಾಕೆ?

ಅಟ್ರಾಜಿನ್ ನೋಡಿ. ಯುರೋಪ್ ಒಕ್ಕೂಟದ ಮಿತಿ ಲೀಟರಿಗೆ 0.1 ಮೈಕ್ರೋಗ್ರಾಂ (ಮಿಲಿಗ್ರಾಂನ ಸಾವಿರದಲ್ಲಿ ಒಂದು ಪಾಲು 1 ಮೈಕ್ರೋಗ್ರಾಂ), ಭಾರತದ್ದು 2, ಅಮೆರಿಕದ್ದು 3. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 100. ಗಾಬರಿಯಾಗುವಷ್ಟು ಅಂತರ ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆ ವಿಷದ ಅಧ್ಯಯನಗಳಿಂದ ಹೊರಟು ಸುರಕ್ಷಿತ ಪ್ರಮಾಣ ಲೆಕ್ಕ ಹಾಕುತ್ತದೆ. ಯುರೋಪಿನ 0.1 ಅಂಥ ಲೆಕ್ಕದಿಂದ ಬಂದದ್ದಲ್ಲ. ಕುಡಿಯುವ ನೀರಿನಲ್ಲಿ ಕೀಟನಾಶಕ, ಕಳೆನಾಶಕ ಇರಲೇಬಾರದು ಎಂಬ ನಿಲುವಿನಿಂದ, ಆಗಿನ ಪ್ರಯೋಗಾಲಯಗಳು ಅಳೆಯಬಹುದಾದ ಕನಿಷ್ಠ ಮಟ್ಟದ ಹತ್ತಿರ ಇಟ್ಟ ಗೆರೆ ಅದು. ಯಾವ ಔಷಧಿಯಾದರೂ ಹೆಚ್ಚುಕಡಿಮೆ ಅದೇ ಗೆರೆ, ಎಲ್ಲ ಸೇರಿ 0.5. ಹಾಗಾಗಿ 0.1 ದಾಟಿದ ತಕ್ಷಣ ಜನ ಕಾಯಿಲೆ ಬೀಳುತ್ತಾರೆ ಎಂದು ಅರ್ಥವಲ್ಲ. ಜಲಾನಯನದಲ್ಲಿ ಎಲ್ಲೋ ಸೋರುತ್ತಿದೆ ಎಂದು ಅರ್ಥ. ನನಗೆ ಯುರೋಪಿನ ನಿಲುವೇ ಸರಿ ಅನಿಸುತ್ತದೆ. ಹತ್ತಾರು ರಾಸಾಯನಿಕಗಳು ಒಟ್ಟಿಗೆ ದೇಹ ಸೇರಿದಾಗ ಏನಾಗುತ್ತದೆ ಎನ್ನುವುದನ್ನು ಒಂದೊಂದು ಔಷಧಿಯ ಅಧ್ಯಯನ ಪೂರ್ತಿ ಹೇಳಲಾರದು.

ಒಂದೆರಡು ಹನಿ ಚೆಲ್ಲಿದರೆ ಏನು ಮಹಾ?

1 ಗ್ರಾಂ ಕಳೆನಾಶಕ 1 ಕೋಟಿ ಲೀಟರ್ ನೀರನ್ನು 0.1 ಮೈಕ್ರೋಗ್ರಾಂ ಮಟ್ಟಕ್ಕೆ ತರಲು ಸಾಕು. ಲೀಟರಿಗೆ 500 ಗ್ರಾಂ ಸಕ್ರಿಯ ವಸ್ತು (ಕಳೆ ಕೊಲ್ಲುವ ಅಸಲಿ ರಾಸಾಯನಿಕ) ಇರುವ ಔಷಧಿಯಲ್ಲಿ 1 ಗ್ರಾಂ ಅಂದರೆ 2 ಮಿಲಿ. ಅಷ್ಟು ಡಬ್ಬಿಯ ಮುಚ್ಚಳದ ಅಡಿಯ ಹಾಳೆಗೇ ಅಂಟಿರಬಹುದು. ಸಾವಿರ ಜನರ ಊರು ದಿನಕ್ಕೆ ತಲೆಗೆ 100 ಲೀಟರಿನಂತೆ ಬಳಸಿದರೆ 1 ಕೋಟಿ ಲೀಟರ್ ಅಂದರೆ 100 ದಿನದ ನೀರು.

ಹೊಲದಲ್ಲಿ ಹೊಡೆದ ಔಷಧಿಯಷ್ಟೇ, ಕೆಲವು ಜಲಾನಯನಗಳಲ್ಲಿ ಅದಕ್ಕಿಂತ ಜಾಸ್ತಿ, ಸಿಂಪಡಿಸುವ ಪಂಪು ತುಂಬುವ ಮತ್ತು ತೊಳೆಯುವ ಜಾಗದಿಂದ ಬರುತ್ತದೆ. ಇದನ್ನು ತಿಳಿದಾಗ ಬೇಸರವೂ ಆಗುತ್ತದೆ, ಸಮಾಧಾನವೂ ಆಗುತ್ತದೆ. ಬೆಳೆಯ ಪದ್ಧತಿ ಬದಲಿಸುವುದು ವರ್ಷಗಳ ಕೆಲಸ. ತುಂಬುವ ಜಾಗವನ್ನು ನಾಳೆಯೇ ಬದಲಿಸಬಹುದು.

ಹಳ್ಳ, ಬಾವಿಯ ಕಟ್ಟೆ, ಚರಂಡಿಯ ಪಕ್ಕ ಔಷಧಿ ಕಲಸಬೇಡಿ. ಪೈಪಿನ ತುದಿಯನ್ನು ಟ್ಯಾಂಕಿನ ನೀರಿನೊಳಗೆ ಮುಳುಗಿಸಬೇಡಿ. ನೀರೆತ್ತುವ ಪಂಪ್ ನಿಂತರೆ ಔಷಧಿ ನೀರು ಹಿಂದಕ್ಕೆ ಎಳೆದುಕೊಂಡು ಬಾವಿಗೇ ಹೋಗಬಹುದು. ಟ್ಯಾಂಕ್ ತುಂಬಿ ಉಕ್ಕುವವರೆಗೆ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಟ್ಯಾಂಕಿಗೇ ಸುರಿಯಿರಿ. ಕೆಲಸ ಮುಗಿದ ಮೇಲೆ ಪಂಪು ತೊಳೆದ ನೀರನ್ನು ಅದೇ ಹೊಲದ ಬೆಳೆಯ ಮೇಲೆ ಸಿಂಪಡಿಸಿ ಮುಗಿಸಿ.

ತೊಳೆಯಲು ಕಾಯಂ ಜಾಗ ಬೇಕಿದ್ದರೆ ಸ್ವೀಡನ್‌ನಲ್ಲಿ 1990ರ ದಶಕದ ಆರಂಭದಲ್ಲಿ ಶುರುವಾದ ಜೈವಿಕ ಹಾಸಿನ ಪದ್ಧತಿ ಇದೆ. ಅರ್ಧ ಪಾಲು ಒಣಹುಲ್ಲು, ಕಾಲು ಪಾಲು ಪೀಟ್ (ಜೌಗಿನಲ್ಲಿ ಅರೆಕೊಳೆತ ಸಸ್ಯಗಳ ಮಣ್ಣು), ಕಾಲು ಪಾಲು ಮಣ್ಣು ತುಂಬಿದ ಗುಂಡಿ, ಮೇಲೆ ಹಸಿರು ಹುಲ್ಲಿನ ಹೊದಿಕೆ. ಒಣಹುಲ್ಲಿನಲ್ಲಿ ಬೆಳೆಯುವ ಶಿಲೀಂಧ್ರಗಳು ಔಷಧಿಯನ್ನು ಒಡೆಯುತ್ತವೆ. ಪೀಟ್ ಸಿಗದ ಕಡೆ ಕಾಂಪೋಸ್ಟ್ ಬಳಸಿಯೂ ಇದನ್ನು ಮಾಡಿದ್ದಾರೆ.

ಔಷಧಿ ಹೊಡೆಯಲು, ಗೊಬ್ಬರ ಹಾಕಲು ಯಾವ ದಿನ ಒಳ್ಳೆಯದು?

ಮುಂದಿನ ಎರಡು ದಿನ ಜೋರು ಮಳೆ ಇಲ್ಲದ, ಗಾಳಿ ಬೀಸದ ದಿನ. ಹೊಡೆದ ನಂತರದ ಮೊದಲ ದೊಡ್ಡ ಮಳೆಯಲ್ಲೇ ಹಳ್ಳದ ಕಳೆನಾಶಕ ಮಟ್ಟ ಶಿಖರ ಮುಟ್ಟುತ್ತದೆ. ನೆಲ ನೀರು ಕುಡಿದು ತುಂಬಿದ್ದಾಗ ಹೊಡೆದರೂ ಅದೇ ಕಥೆ. ಗೊಬ್ಬರದಲ್ಲಿ ಒಂದೇ ಸಲ ಸುರಿಯುವುದಕ್ಕಿಂತ ಬೆಳೆ ಬೇಡುವ ಹಂತಕ್ಕೆ ಭಾಗ ಮಾಡಿ ಮೇಲುಗೊಬ್ಬರ ಕೊಡುವುದು ಒಳ್ಳೆಯದು. ಮಣ್ಣು ಪರೀಕ್ಷೆ ಮಾಡಿಸದೆ ರಂಜಕ ಹಾಕಬೇಡಿ. ನೆಲದಲ್ಲಿ ಈಗಾಗಲೇ ಸಾಕಷ್ಟು ಇದ್ದರೆ ಹಾಕಿದ್ದು ಸುಮ್ನೆ ಖರ್ಚು. ಕೊಯ್ಲಾದ ಮೇಲೆ ನೆಲವನ್ನು ಬೋಳಾಗಿ ಬಿಡದೆ ಏನಾದರೂ ಹಸಿರು ಬಿತ್ತಿದರೆ, ಉಳಿದ ನೈಟ್ರೇಟನ್ನು ಅದು ಹಿಡಿದುಕೊಳ್ಳುತ್ತದೆ.

ನೀರು ಶುದ್ಧೀಕರಣ ಘಟಕ ಇದೆಯಲ್ಲ, ಅದು ತೆಗೆಯುವುದಿಲ್ಲವಾ?

ಆಲಂ, ಮರಳು ಸೋಸುಕ, ಕ್ಲೋರಿನ್ ಇರುವ ಸಾಮಾನ್ಯ ಘಟಕ ಕೆಸರು ಮತ್ತು ರೋಗಾಣುಗಳಿಗಾಗಿ ಕಟ್ಟಿದ್ದು. ಕರಗಿದ ನೈಟ್ರೇಟ್ ಅದರ ಮೂಲಕ ಹಾಗೇ ದಾಟುತ್ತದೆ. ಅಟ್ರಾಜಿನ್, ಎಂಸಿಪಿಎ ಥರದ ಕಳೆನಾಶಕಗಳೂ ಬಹುಪಾಲು ದಾಟುತ್ತವೆ. ಇವಕ್ಕೆ ಆಕ್ಟಿವೇಟೆಡ್ ಕಾರ್ಬನ್, ಓಜೋನ್ ಬೇಕು. ನೈಟ್ರೇಟ್‌ಗೆ ಅಯಾನು ವಿನಿಮಯ ಅಥವಾ ಆರ್‌ಓ ಬೇಕು. ಎಲ್ಲಕ್ಕೂ ಕರೆಂಟು, ನುರಿತ ಜನ, ನಿರಂತರ ದುಡ್ಡು ಬೇಕು. ಸಣ್ಣ ಊರಿನ ಘಟಕಕ್ಕೆ ಇದು ಭಾರ.

ದೊಡ್ಡವರಿಗೂ ಸುಲಭವಲ್ಲ. ಅಯೋವಾದ ಡಿ ಮೊಯಿನ್ ನಗರ 1990ರ ದಶಕದ ಆರಂಭದಿಂದಲೇ ನೈಟ್ರೇಟ್ ತೆಗೆಯುವ ದೊಡ್ಡ ಘಟಕ ಇಟ್ಟುಕೊಂಡಿದೆ. ಆದರೂ 2025ರ ಜೂನ್‌ನಲ್ಲಿ ನದಿಯ ನೈಟ್ರೇಟ್ ಏರಿ, ಅಂಗಳದ ಹುಲ್ಲಿಗೆ ನೀರು ಹಾಕಬೇಡಿ ಎಂದು ಆ ಭಾಗದ ಜನರಿಗೆ ಹೇಳಬೇಕಾಯಿತು. ಶುದ್ಧೀಕರಿಸುವ ವೇಗಕ್ಕಿಂತ ಬಳಕೆ ಮುಂದೆ ಹೋಗದಿರಲಿ ಎಂದು.

ಮನೆಯಲ್ಲಿ ಕುದಿಸಿ ಕುಡಿದರೆ?

ನೈಟ್ರೇಟ್ ವಿಷಯದಲ್ಲಿ ಕುದಿಸುವುದು ಉಲ್ಟಾ ಹೊಡೆಯುತ್ತದೆ. ನೀರು ಆವಿಯಾಗುತ್ತದೆ, ನೈಟ್ರೇಟ್ ಉಳಿಯುತ್ತದೆ, ಸಾಂದ್ರತೆ ಏರುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರ ಎರಡೂ ನೈಟ್ರೇಟ್ ತೆಗೆಯುವುದಿಲ್ಲ. ಆರ್‌ಓ ಬಹುಪಾಲು ತೆಗೆಯುತ್ತದೆ. ಕಾರ್ಬನ್ ಫಿಲ್ಟರ್ ಅನೇಕ ಕಳೆನಾಶಕಗಳಿಗೆ ಆಗುತ್ತದೆ, ನೈಟ್ರೇಟ್‌ಗೆ ಆಗದು. ಕಾರ್ಬನ್ ಹೀರಿ ಹೀರಿ ತುಂಬಿದ ಮೇಲೆ ಏನನ್ನೂ ಹಿಡಿಯುವುದಿಲ್ಲ, ಆದ್ದರಿಂದ ಹೊತ್ತಿಗೆ ಸರಿಯಾಗಿ ಬದಲಿಸಬೇಕು.

ಬಾವಿ ನೀರನ್ನು ಯಾವಾಗ, ಹೇಗೆ ಪರೀಕ್ಷೆ ಮಾಡಿಸಬೇಕು?

ನೈಟ್ರೇಟ್‌ಗೆ ಬಣ್ಣ, ವಾಸನೆ, ರುಚಿ ಏನೂ ಇಲ್ಲ. ನೋಡಿ ಹೇಳಲು ಆಗುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ. ಮನೆಯಲ್ಲಿ ಕೂಸು ಹುಟ್ಟುವುದಿದ್ದರೆ ಅದಕ್ಕೂ ಮೊದಲೇ ಮಾಡಿಸಿ. ಅಂದಾಜಿಗೆ ಪರೀಕ್ಷಾ ಪಟ್ಟಿ ಸಾಕು, ಮಿತಿಯ ಹತ್ತಿರ ಬಂದರೆ ಪ್ರಯೋಗಾಲಯಕ್ಕೆ ಹೋಗಿ. ಕಳೆನಾಶಕಕ್ಕೆ ಪ್ರಯೋಗಾಲಯವೇ ಬೇಕು. ಬಾಟಲಿಯನ್ನು ಅವರಿಂದಲೇ ಪಡೆದು, ತಣ್ಣಗೆ ಇಟ್ಟು, ಬೇಗ ತಲುಪಿಸಿ. ಜಲಾನಯನದಲ್ಲಿ ಯಾವ ಔಷಧಿ ಬಳಸುತ್ತಾರೆ ಎಂಬ ಪಟ್ಟಿಯನ್ನೂ ಜೊತೆಗೆ ಕೊಡಿ. ಪ್ರಯೋಗಾಲಯ ಹುಡುಕಿದ್ದನ್ನು ಮಾತ್ರ ಕಾಣುತ್ತದೆ.

ಹಳ್ಳ, ಹೊಳೆಗಳಲ್ಲಿ ಮಾದರಿ ತೆಗೆಯುವ ದಿನ ಬಹಳ ಮುಖ್ಯ. ತಿಂಗಳಿಗೊಮ್ಮೆ ನಿಗದಿತ ದಿನ ತೆಗೆದರೆ, ಎರಡು ದಿನ ಏರಿ ಇಳಿದ ಕಳೆನಾಶಕ ಕೈಗೆ ಸಿಗುವುದೇ ಇಲ್ಲ. ಔಷಧಿ ಹೊಡೆಯುವ ಕಾಲದಲ್ಲಿ, ಮಳೆ ಬಂದಾಗಲೇ ತೆಗೆಯಬೇಕು.

ಹಳ್ಳದ ಅಂಚಿನಲ್ಲಿ ಹುಲ್ಲು, ಮರಗಳ ಪಟ್ಟಿ ಬಿಟ್ಟರೆ ನಿಜವಾಗಿ ಪ್ರಯೋಜನ ಇದೆಯಾ?

ಇದೆ, ನೀರು ಪಟ್ಟಿಯ ಮೇಲೆ ತೆಳ್ಳಗೆ ಹರಡಿ ಹೋದರೆ. ಮಣ್ಣು ಅಲ್ಲೇ ಕೂರುತ್ತದೆ, ಅದರ ಜೊತೆ ರಂಜಕವೂ. ಔಷಧಿ ಗಾಳಿಯಲ್ಲಿ ತೇಲಿ ಹಳ್ಳ ಸೇರುವುದೂ ಕಡಿಮೆಯಾಗುತ್ತದೆ. ಆದರೆ ನೀರು ಒಂದೇ ಕಾಲುವೆಯಾಗಿ ಕೊರೆದು ನುಗ್ಗಿದರೆ ಅಥವಾ ನೆಲದಡಿಯ ಬಸಿ ಪೈಪಿನಲ್ಲಿ ಹೋದರೆ ಪಟ್ಟಿ ಏನೂ ಮಾಡಲಾರದು. ಅಂಥ ಕಡೆ ಜೌಗು ಹೊಂಡಗಳು ಕೆಲಸ ಮಾಡುತ್ತವೆ. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿ ಮಾಡಿ ಗಾಳಿಗೆ ಬಿಡುತ್ತವೆ. ಇರುವ ಜೌಗನ್ನು ಮುಚ್ಚದಿರುವುದು ಮೊದಲ ಕೆಲಸ.

ಇದರ ಖರ್ಚೆಲ್ಲ ಬೆಳೆಗಾರನೇ ಹೊರಬೇಕಾ?

ಹೊರಬಾರದು. ಕೆಳಗಿನವರು ಕುಡಿಯುವ ನೀರಿಗಾಗಿ ಮೇಲಿನವರು ಇಳುವರಿ ಬಿಡುವುದಾದರೆ ಅದಕ್ಕೆ ಬೆಲೆ ಸಿಗಬೇಕು. ಇದು ಬರೀ ಆದರ್ಶದ ಮಾತಲ್ಲ, ನಡೆದು ತೋರಿಸಿದ್ದು. ಜರ್ಮನಿಯ ಮ್ಯೂನಿಕ್ ನಗರ 1990ರ ದಶಕದ ಆರಂಭದಿಂದ ಮಾಂಗ್‌ಫಾಲ್ ಕಣಿವೆಯ ರೈತರಿಗೆ ಸಾವಯವ ಕೃಷಿಗೆ ಬದಲಾಗಲು ಹಣ ಕೊಡುತ್ತಾ ಬಂದಿದೆ. ಫ್ರಾನ್ಸಿನ ವಿಟೆಲ್‌ನಲ್ಲಿ ಚಿಲುಮೆಯ ನೈಟ್ರೇಟ್ ಏರಿದಾಗ ಬಾಟಲಿ ನೀರಿನ ಕಂಪನಿ ರೈತರ ಜೊತೆ ದೀರ್ಘ ಒಪ್ಪಂದ ಮಾಡಿಕೊಂಡಿತು. ಮೆಕ್ಕೆಜೋಳ ಬೆಳೆಯುವುದು, ಕಳೆನಾಶಕ ಬಳಸುವುದು ನಿಂತವು. ನ್ಯೂಯಾರ್ಕ್ ನಗರ 1997ರಲ್ಲಿ ಕ್ಯಾಟ್ಸ್‌ಕಿಲ್ ಬೆಟ್ಟಗಳ ಊರುಗಳ ಜೊತೆ ಒಪ್ಪಂದ ಮಾಡಿಕೊಂಡು ಜಲಾನಯನದ ರಕ್ಷಣೆಗೆ ಹಣ ಹಾಕಿತು. ಅದರಿಂದ ನೂರಾರು ಕೋಟಿ ಡಾಲರಿನ ಶುದ್ಧೀಕರಣ ಘಟಕ ಕಟ್ಟುವುದು ತಪ್ಪಿತು. ಬಲವಂತದಿಂದ ನಡೆದದ್ದಕ್ಕಿಂತ ಕೂತು ಮಾತಾಡಿ ನಡೆದದ್ದು ಹೆಚ್ಚು ಕಾಲ ಬಾಳಿದೆ ಎಂದು ನಾನು ನಂಬುತ್ತೇನೆ.

ಇವತ್ತು ಎಲ್ಲ ಸರಿ ಮಾಡಿದರೆ ನೀರು ಯಾವಾಗ ಸರಿಹೋಗುತ್ತದೆ?

ಹೊಳೆಯಲ್ಲಿ 2,4-ಡಿ ಥರದ ಕಳೆನಾಶಕ ಮುಂದಿನ ಹಂಗಾಮಿನಲ್ಲೇ ಇಳಿಯಬಹುದು. ಅಂತರ್ಜಲದ ನೈಟ್ರೇಟ್‌ಗೆ ವರ್ಷಗಳು, ಕೆಲವು ಕಡೆ ದಶಕಗಳು ಬೇಕು. ಇವತ್ತು ಬೋರ್‌ವೆಲ್‌ನಲ್ಲಿ ಬರುವ ನೀರು ಯಾವಾಗಲೋ ಇಂಗಿದ್ದು. ಯುರೋಪ್ ಒಕ್ಕೂಟ 2004ರಲ್ಲಿ ಅಟ್ರಾಜಿನ್ ಕೈಬಿಡಲು ತೀರ್ಮಾನಿಸಿತು. ಅದರ ಉಳಿಕೆ ಅಲ್ಲಿನ ಅಂತರ್ಜಲದಲ್ಲಿ ಬಹಳ ವರ್ಷಗಳ ನಂತರವೂ ಸಿಗುತ್ತಲೇ ಇತ್ತು. ಕೆರೆಯ ತಳದ ಕೆಸರಿನಲ್ಲಿ ಕೂತ ರಂಜಕ, ತಳದಲ್ಲಿ ಆಮ್ಲಜನಕ ಕಡಿಮೆಯಾದಾಗ ಮತ್ತೆ ನೀರಿಗೆ ಬರುತ್ತದೆ. ಹಾಗಾಗಿ ಎರಡು ವರ್ಷಕ್ಕೆ ಫಲ ಕಾಣಲಿಲ್ಲ ಎಂದು ಯೋಜನೆ ನಿಲ್ಲಿಸುವುದು ದೊಡ್ಡ ಅನ್ಯಾಯ.

ಕಳೆನಾಶಕದ ಡಬ್ಬಿ ಹಳ್ಳದ ಹತ್ತಿರ ಉರುಳಿ ಚೆಲ್ಲಿಬಿಟ್ಟಿದೆ. ಈಗ ಏನು ಮಾಡಲಿ?

ನೀರು ಹಾಕಿ ತೊಳೆಯಬೇಡಿ. ಅದೊಂದೇ ಕೆಲಸ ಎಲ್ಲವನ್ನೂ ಕೆಡಿಸುತ್ತದೆ. ಮೊದಲು ಕೈಗವಸು ಹಾಕಿಕೊಂಡು ಡಬ್ಬಿ ನೆಟ್ಟಗೆ ನಿಲ್ಲಿಸಿ. ಒಣ ಮಣ್ಣು, ಮರಳು ಅಥವಾ ಮರದ ಪುಡಿಯಿಂದ ಸುತ್ತ ಒಡ್ಡು ಕಟ್ಟಿ, ಚೆಲ್ಲಿದ್ದರ ಮೇಲೂ ಸುರಿಯಿರಿ. ಅದು ಹೀರಿಕೊಂಡ ಮೇಲೆ ಗುದ್ದಲಿಯಿಂದ ಕೆರೆದು ಗಟ್ಟಿ ಮುಚ್ಚಳದ ಡ್ರಮ್ಮಿಗೆ ತುಂಬಿ, ಮೇಲೆ ಔಷಧಿಯ ಹೆಸರು ಬರೆಯಿರಿ. ಮಕ್ಕಳು, ದನಕರು ಆ ಕಡೆ ಹೋಗದಂತೆ ಯಾರನ್ನಾದರೂ ನಿಲ್ಲಿಸಿ.

ಒಂದು ಹನಿಯಾದರೂ ಹಳ್ಳಕ್ಕೆ ಹೋಗಿದೆ ಅನಿಸಿದರೆ, ಕೆಳಗೆ ನೀರು ಎತ್ತುವವರಿಗೆ ತಕ್ಷಣ ಫೋನ್ ಮಾಡಿ. ಬೈಯುತ್ತಾರೆ, ದಂಡ ಹಾಕುತ್ತಾರೆ ಎಂದು ತಡಮಾಡಬೇಡಿ. ಔಷಧಿಯ ಹೆಸರು, ಸುಮಾರು ಎಷ್ಟು ಚೆಲ್ಲಿತು, ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ ಎಂಬ ನಾಲ್ಕು ವಿಷಯ ಹೇಳಿದರೆ ಸಾಕು. ಮಲಿನ ನೀರು ಪಂಪ್‌ಹೌಸ್ ತಲುಪುವ ಮೊದಲೇ ಅವರು ಪಂಪು ನಿಲ್ಲಿಸಿ, ಅದು ದಾಟಿ ಹೋಗುವವರೆಗೆ ಟ್ಯಾಂಕಿನಲ್ಲಿ ಇರುವ ನೀರನ್ನೇ ಕೊಡಬಹುದು.